ಎಸ್ಪಿ ಸಾಹೇಬರಲ್ಲ, ಎಸ್ಪಿ ಪ್ರಶಸ್ತಿ!



ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಪಾದಕರು ಕೇಳಿದಾಗಲೆಲ್ಲ ನಾನು ಕೊಲೆಸ್ಟರಾಲ್, ಸಕ್ಕರೆ ಕಾಯಿಲೆ, ಮಂಡಿನೋವು ಎಂದು ಏನೋ ಒಂದು ಗೀಚಿ ಕೈ ತೊಳೆದುಕೊಳ್ಳುತ್ತಿದ್ದೆ. ಈ ಸಲ ಅವರು, "ಡಾಕ್ಟ್ರೇ, ಔಷಧಿ ಚೀಟಿ ಸಾಕು, ಬೇರೆ ಏನಾದರೂ ಕೊಡಿ" ಎಂದುಬಿಟ್ಟರು. ಹಾಗಾಗಿ ಧೈರ್ಯ ಮಾಡಿ ಒಂದು ಟಿವಿ ಕಾರ್ಯಕ್ರಮದ ವಿಮರ್ಶೆಗೆ ಕೈ ಹಾಕಿದ್ದೇನೆ. ನಾನು ಸಾಹಿತಿಯಲ್ಲ, ಕ್ರೀಡಾಪಟುವಂತೂ ಮೊದಲೇ ಅಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಕಾಲೇಜು ತಂಡದ ಹನ್ನೆರಡನೆಯ ಆಟಗಾರನಾಗಿ ನೀರು ಹೊತ್ತದ್ದೇ ನನ್ನ ಅತಿ ದೊಡ್ಡ ಸಾಧನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

2008ರ ಜುಲೈನಲ್ಲಿ ಅಮ್ಮ ಮೈಸೂರಿನಿಂದ ನಮ್ಮ ಮನೆಗೆ ಬಂದಿದ್ದರು. ಒಂದು ಸಂಜೆ ನನ್ನ ಮಗ ಟಿವಿ ಮುಂದೆ ಕುಳಿತು, "ಅಜ್ಜಿ, ಇವತ್ತು ಎಸ್ಪಿ ಇದೆ, ಚಾನೆಲ್ ಬದಲಾಯಿಸಬೇಡಿ" ಎಂದ. ಅಮ್ಮ ಗಾಬರಿಯಿಂದ ನನ್ನ ಕಡೆ ತಿರುಗಿ, "ಯಾವ ಜಿಲ್ಲೆ ಎಸ್ಪಿನೋ? ಏನಾಯ್ತು?" ಎಂದರು. ಅವರ ಪಾಲಿಗೆ ಎಸ್ಪಿ ಎಂದರೆ ಪೊಲೀಸ್ ಸೂಪರಿಂಟೆಂಡೆಂಟ್ ಸಾಹೇಬರು ಮಾತ್ರ! ಇದು ಕ್ರೀಡಾಪಟುಗಳಿಗೆ ಪ್ರಶಸ್ತಿ ಕೊಡುವ ಸಮಾರಂಭ, ಇ.ಎಸ್.ಪಿ.ಎನ್. ಎಂಬ ಕ್ರೀಡಾ ಚಾನೆಲ್ಲಿನವರು ನಡೆಸುತ್ತಾರೆ, ಅದಕ್ಕೇ ಆ ಹೆಸರು ಎಂದು ವಿವರಿಸಿದೆ. "ಓ, ಆಟ ತೋರಿಸೋರೇ ಬಹುಮಾನಾನೂ ಕೊಡ್ತಾರಾ?" ಎಂದು ಕೇಳಿ ಅಮ್ಮ ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದರು. ಈ ಪ್ರಶಸ್ತಿಯ ಬಗ್ಗೆ ನಾನು ಆಮೇಲೆ ಓದಿದ ಅನೇಕ ಟೀಕೆಗಳು ಅಮ್ಮನ ಆ ಒಂದು ಪ್ರಶ್ನೆಯ ವಿಸ್ತಾರ, ಅಷ್ಟೇ.

ಜಾತ್ರೆಯ ಲೆಕ್ಕಾಚಾರ

ಮೊದಲು ಸ್ವಲ್ಪ ಮಾಹಿತಿ. ಇ.ಎಸ್.ಪಿ.ಎನ್. ಚಾನೆಲ್ ಶುರುವಾದದ್ದು 1979ರಲ್ಲಿ. ಎಸ್ಪಿ ಪ್ರಶಸ್ತಿಗಳು ಆರಂಭವಾದದ್ದು 1993ರ ಮಾರ್ಚ್ 4ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ. ಸಿನಿಮಾದವರಿಗೆ ಆಸ್ಕರ್ ಇದೆ, ಸಂಗೀತದವರಿಗೆ ಗ್ರಾಮಿ ಇದೆ, ಆಟದವರಿಗೆ ಏಕಿರಬಾರದು ಎಂಬ ಯೋಚನೆ. 2002ರಿಂದ ಇದು ಜುಲೈ ತಿಂಗಳಿಗೆ ಬಂತು. ಜುಲೈ ಏಕೆ ಗೊತ್ತೇ? ಬೇಸ್‌ಬಾಲ್ 'ಆಲ್ ಸ್ಟಾರ್' ಪಂದ್ಯದ ಮರುದಿನ ಅಮೆರಿಕದ ದೊಡ್ಡ ವೃತ್ತಿಪರ ಲೀಗುಗಳಲ್ಲಿ ಸಾಮಾನ್ಯವಾಗಿ ಯಾವ ಪಂದ್ಯವೂ ಇರುವುದಿಲ್ಲ. ಆಟಗಾರರಿಗೆ ಬಿಡುವು, ಚಾನೆಲ್ಲಿಗೆ ತೋರಿಸಲು ಏನೂ ಇಲ್ಲ. ಆ ಖಾಲಿ ಸಂಜೆಗೆ ಹೊಂದುವ ಹಾಗೆ ಹೊಲಿದ ಅಂಗಿ ಇದು!

ಎರಡನೆಯದಾಗಿ, 2004ರಿಂದ ಆಟದ ವಿಭಾಗಗಳ ವಿಜೇತರನ್ನು ಅಭಿಮಾನಿಗಳು ಇಂಟರ್‌ನೆಟ್ಟಿನಲ್ಲಿ ಮತ ಹಾಕಿ ಆರಿಸುವ ಪದ್ಧತಿ ಬಂತು. ಪ್ರಜಾಪ್ರಭುತ್ವ ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಈಜುವವನು, ಓಡುವವನು, ಬುಟ್ಟಿಗೆ ಚೆಂಡು ಹಾಕುವವನು, ಇವರಲ್ಲಿ ಶ್ರೇಷ್ಠ ಯಾರು ಎಂದು ಮತ ಹಾಕಿ ತೀರ್ಮಾನಿಸುವುದು ಮಾವಿನಹಣ್ಣು ರುಚಿಯೋ ಮಸಾಲೆದೋಸೆ ರುಚಿಯೋ ಎಂದು ಚುನಾವಣೆ ನಡೆಸಿದ ಹಾಗೆ. ಕ್ರೀಡೆಯ ಸೊಗಸೇ ಅಲ್ಲಿ ಮತಕ್ಕೆ ಜಾಗವಿಲ್ಲ ಎನ್ನುವುದರಲ್ಲಿದೆ. ಗಡಿಯಾರ ಯಾರ ಅಭಿಮಾನಿಯೂ ಅಲ್ಲ, ಅಳತೆಪಟ್ಟಿಗೆ ಪಕ್ಷವಿಲ್ಲ. ಮೈದಾನದಲ್ಲಿ ಒಮ್ಮೆ ತೀರ್ಮಾನವಾದ ಮೇಲೆ ಸೂಟುಬೂಟು ಹಾಕಿಸಿ, ಲಕೋಟೆ ಒಡೆದು, ಮತ್ತೊಮ್ಮೆ ತೀರ್ಮಾನಿಸುವ ಅವಶ್ಯಕತೆ ಏನು?

ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಮೈಸೂರಿನ ದಸರಾ ಕುಸ್ತಿ ನೋಡಿದವನು ನಾನು. ಗೆದ್ದ ಪೈಲ್ವಾನನಿಗೆ ಅಖಾಡದ ಮಣ್ಣಿನಲ್ಲೇ, ಮೈಯ ಬೆವರು ಆರುವ ಮೊದಲೇ ಗದೆ ಕೈಗೆ ಬರುತ್ತಿತ್ತು. ಸೋತವನು ಗೆದ್ದವನ ಬೆನ್ನು ತಟ್ಟಿ, ಮಣ್ಣು ಮುಟ್ಟಿ ನಮಸ್ಕಾರ ಮಾಡಿ ಹೊರಡುತ್ತಿದ್ದ. ಭಾಷಣವಿಲ್ಲ, ಹಾಸ್ಯಚಟಾಕಿಯಿಲ್ಲ. ಎಸ್ಪಿಯಲ್ಲಿ ಸೋತವನ ಮುಖಕ್ಕೆ ಕ್ಯಾಮೆರಾ ಹಿಡಿಯುತ್ತಾರೆ. ಅವನು ಚಪ್ಪಾಳೆ ತಟ್ಟುತ್ತ ನಗಬೇಕು. ಆಟದಲ್ಲಿ ಎಂದೂ ನಟಿಸದವರು ಅಲ್ಲಿ ಕುಳಿತು ನಟಿಸುವುದನ್ನು ನೋಡುವುದು ಕಷ್ಟ. ನಿರೂಪಕರ ತಮಾಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2022ರಲ್ಲಿ ನಮ್ಮ ವಾರಿಯರ್ಸ್ ತಂಡದ ಸ್ಟೀಫನ್ ಕರಿ ನಿರೂಪಕನಾಗಿದ್ದ. ಆ ವರ್ಷ ತಂಡವೂ ಚಾಂಪಿಯನ್ ಆಗಿ ಪ್ರಶಸ್ತಿ ಪಡೆದಿದ್ದರಿಂದ ನಮ್ಮ ಮನೆಯಲ್ಲಿ ಹಬ್ಬ! ಆದರೂ ಒಂದು ಮಾತು ಹೇಳಲೇಬೇಕು. ಆ ಹುಡುಗನ ಕೈಯಲ್ಲಿ ಚೆಂಡಿದ್ದಾಗ ಇರುವ ಹಾಸ್ಯಪ್ರಜ್ಞೆ ಮೈಕು ಬಂದಾಗ ಅರ್ಧ ಆಗಿಹೋಗುತ್ತದೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಆದರೆ ಈ ಸಮಾರಂಭದ ಮಧ್ಯೆ ಒಂದು ಹತ್ತು ನಿಮಿಷ ಬರುತ್ತದೆ. ಆಗ ಅಡುಗೆಮನೆಯಲ್ಲಿರುವ ನನ್ನ ಹೆಂಡತಿಯನ್ನೂ ಕೂಗಿ ಕರೆಯುತ್ತೇನೆ.

ಧೈರ್ಯಕ್ಕೆ ಎಷ್ಟು ವರ್ಷ ತಡ?

ಟೆನಿಸ್ ಆಟಗಾರ ಆರ್ಥರ್ ಆಶ್ ತೀರಿಕೊಂಡದ್ದು 1993ರ ಫೆಬ್ರವರಿಯಲ್ಲಿ, ಮೊದಲ ಎಸ್ಪಿಗೆ ಒಂದು ತಿಂಗಳ ಹಿಂದೆ. ಆತನ ಹೆಸರಿನಲ್ಲಿ ಧೈರ್ಯಕ್ಕೊಂದು ಪ್ರಶಸ್ತಿ ಇಟ್ಟರು. ಇದಕ್ಕೆ ಅಭಿಮಾನಿಗಳ ಮತವಿಲ್ಲ, ಪುಣ್ಯಕ್ಕೆ. ಪಡೆದವರ ಪಟ್ಟಿ ಓದುತ್ತ ಹೋದರೆ ನನ್ನಂಥವರಿಗೆ ವಾರ್ಡಿನಲ್ಲಿ ರೌಂಡ್ಸ್ ಹೋದ ಹಾಗಾಗುತ್ತದೆ. 1997ರಲ್ಲಿ ಪಾರ್ಕಿನ್ಸನ್ಸ್ ಕಾಯಿಲೆಯ ಮಹಮದ್ ಅಲಿ, 2012ರಲ್ಲಿ ಆಲ್ಜೈಮರ್ಸ್ ಬಂದಿದ್ದ ಬ್ಯಾಸ್ಕೆಟ್‌ಬಾಲ್ ತರಬೇತುದಾರ್ತಿ ಪ್ಯಾಟ್ ಸಮಿಟ್, 2024ರಲ್ಲಿ ಎ.ಎಲ್.ಎಸ್. ಎಂಬ ನರಗಳ ಕಾಯಿಲೆಯಿಂದ ಮಾತು, ನಡಿಗೆ ಎರಡನ್ನೂ ಕಳೆದುಕೊಂಡ ಫುಟ್‌ಬಾಲ್ ಆಟಗಾರ ಸ್ಟೀವ್ ಗ್ಲೀಸನ್.

ನಮ್ಮ ಬೇ ಏರಿಯಾಕ್ಕೂ ಈ ಪ್ರಶಸ್ತಿಗೂ ಹಳೆಯ ನಂಟು. 2002ರಲ್ಲಿ ಇದು ನ್ಯೂವರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟು ದಾರಿಯಲ್ಲಿ ಅಪಹರಣಕ್ಕೊಳಗಾದ 93ನೇ ನಂಬರಿನ ವಿಮಾನದ ನಾಲ್ವರು ಪ್ರಯಾಣಿಕರಿಗೆ ಸಂದಿತು. ಟಾಡ್ ಬೀಮರ್, ಮಾರ್ಕ್ ಬಿಂಗ್‌ಹ್ಯಾಮ್, ಟಾಮ್ ಬರ್ನೆಟ್, ಜೆರೆಮಿ ಗ್ಲಿಕ್. ಬಿಂಗ್‌ಹ್ಯಾಮ್ ಬರ್ಕ್ಲಿಯಲ್ಲಿ ರಗ್ಬಿ ಆಡಿದವನು, ಬರ್ನೆಟ್ ಸ್ಯಾನ್ ರಮೋನಿನ ನಿವಾಸಿ. ನಾಲ್ವರೂ ಹಿಂದೆ ಆಟಗಾರರಾಗಿದ್ದವರು, ಆದ್ದರಿಂದ ಕ್ರೀಡಾ ಪ್ರಶಸ್ತಿಗೆ ಅರ್ಹರು ಎಂಬ ತರ್ಕ. ಆ ವಿಮಾನದಲ್ಲಿ ಪ್ರಾಣ ಕೊಟ್ಟ ಪ್ರಯಾಣಿಕರು ಮತ್ತು ಸಿಬ್ಬಂದಿ ಒಟ್ಟು 40 ಜನ. ಉಳಿದ 36 ಮಂದಿಯ ಧೈರ್ಯ ಶಾಲೆಯಲ್ಲಿ ಆಟ ಆಡದೇ ಇದ್ದುದರಿಂದ ಕಡಿಮೆಯಾಯಿತೇ? ದೂರುವುದಕ್ಕಾಗಿ ಹೀಗೆ ಕೇಳುತ್ತಿಲ್ಲ. ಬಹುಮಾನ ಎಂಬುದರ ಸ್ವಭಾವವೇ ಹಾಗೆ. ಅದಕ್ಕೆ ಹೆಸರು ಬೇಕು, ಮುಖ ಬೇಕು, ವೇದಿಕೆಯಲ್ಲಿ ಹಿಡಿಸುವಷ್ಟು ಜನ ಮಾತ್ರ ಬೇಕು.

ಮರುವರ್ಷ, 2003ರಲ್ಲಿ, ಪ್ಯಾಟ್ ಟಿಲ್ಮನ್ ಮತ್ತು ಆತನ ತಮ್ಮ ಕೆವಿನ್. ಪ್ಯಾಟ್ ನಮ್ಮ ಸ್ಯಾನ್ ಹೋಸೆಯ ಲೀಲ್ಯಾಂಡ್ ಹೈಸ್ಕೂಲಿನ ಹುಡುಗ. ನಮ್ಮವರ ಎಷ್ಟೋ ಮಕ್ಕಳು ಅದೇ ಶಾಲೆಯಲ್ಲಿ ಓದಿದ್ದಾರೆ. ಲಕ್ಷಾಂತರ ಡಾಲರಿನ ಫುಟ್‌ಬಾಲ್ ಒಪ್ಪಂದ ಬಿಟ್ಟು 2002ರಲ್ಲಿ ಸೈನ್ಯಕ್ಕೆ ಸೇರಿದ. 2004ರ ಏಪ್ರಿಲ್ 22ರಂದು ಆಫ್ಘಾನಿಸ್ತಾನದಲ್ಲಿ ಸತ್ತ. ಶತ್ರುವಿನ ಗುಂಡು ಎಂದು ಮೊದಲು ಹೇಳಿದರು. ನಮ್ಮವರದೇ ಗುಂಡು ಎಂಬ ಸತ್ಯ ಮನೆಯವರಿಗೆ ತಿಳಿದದ್ದು ವಾರಗಳ ನಂತರ. 2014ರಲ್ಲಿ ಎಸ್ಪಿಯವರು ಆತನ ಹೆಸರಿನಲ್ಲೂ ಒಂದು ಸೇವಾ ಪ್ರಶಸ್ತಿ ಸ್ಥಾಪಿಸಿದರು. 2024ರಲ್ಲಿ ಅದನ್ನು ಇಂಗ್ಲೆಂಡಿನ ರಾಜಕುಮಾರ ಹ್ಯಾರಿಗೆ ಕೊಡುವುದಾಗಿ ಪ್ರಕಟಿಸಿದಾಗ, ಪ್ಯಾಟನ ತಾಯಿಯೇ ಬಹಿರಂಗವಾಗಿ ಆಕ್ಷೇಪಿಸಿದರು. ಹ್ಯಾರಿ ಗಾಯಾಳು ಸೈನಿಕರಿಗಾಗಿ ಕ್ರೀಡಾಕೂಟ ನಡೆಸಿದವನು, ಅವನ ಸೇವೆಯನ್ನು ಅಲ್ಲಗಳೆಯಲಾರೆ. ಪ್ರಶಸ್ತಿ ಸ್ವೀಕರಿಸುವಾಗ ಆತ ಆ ತಾಯಿಯ ಬಗ್ಗೆ ಗೌರವದಿಂದಲೇ ಮಾತಾಡಿದ. ಆದರೂ ಮಗನ ಹೆಸರಿನ ಮೇಲೆ ತಾಯಿಗಿಂತ ಟಿವಿಯವರಿಗೆ ಹೆಚ್ಚು ಹಕ್ಕಿದೆಯೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಮ್ಮ ನಮ್ಮೊಡನೆ ನೋಡಿದ 2008ರ ಸಮಾರಂಭದಲ್ಲಿ ಈ ಪ್ರಶಸ್ತಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಅವರಿಗೆ. ಇಬ್ಬರೂ ಸ್ಯಾನ್ ಹೋಸೆ ಸ್ಟೇಟ್ ಕಾಲೇಜಿನವರು. 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ 200 ಮೀಟರ್ ಓಟದಲ್ಲಿ ಚಿನ್ನ ಮತ್ತು ಕಂಚು ಗೆದ್ದು, ರಾಷ್ಟ್ರಗೀತೆ ಮೊಳಗುವಾಗ ಕರಿಯ ಗ್ಲೌಸು ಹಾಕಿದ ಮುಷ್ಟಿ ಎತ್ತಿ ನಿಂತವರು. ಅದಕ್ಕಾಗಿ ಅವರನ್ನು ಕ್ರೀಡಾಕೂಟದಿಂದ ಮನೆಗೆ ಕಳಿಸಿದರು. ಆಮೇಲೆ ವರ್ಷಗಟ್ಟಲೆ ಕಷ್ಟ, ಬೆದರಿಕೆ.

ಮರುವಾರ ಅಮ್ಮನನ್ನು ಅವರ ಪ್ರತಿಮೆ ತೋರಿಸಲು ಕರೆದೊಯ್ದೆ. ಸ್ಯಾನ್ ಹೋಸೆ ಸ್ಟೇಟ್ ಆವರಣದಲ್ಲಿ 2005ರಲ್ಲಿ ನಿಲ್ಲಿಸಿದ್ದು. ನೀವೂ ಡೌನ್‌ಟೌನಿಗೆ ಹೋದಾಗ ತಪ್ಪದೆ ನೋಡಿ. ಇಬ್ಬರ ಪ್ರತಿಮೆಗಳಿವೆ, ಎರಡನೆಯ ಸ್ಥಾನ ಮಾತ್ರ ಖಾಲಿ. "ಅಲ್ಲಿದ್ದವನು ಎಲ್ಲಿ ಹೋದ?" ಎಂದರು ಅಮ್ಮ. ಅಲ್ಲಿ ನಿಂತವನು ಆಸ್ಟ್ರೇಲಿಯಾದ ಬಿಳಿಯ, ಪೀಟರ್ ನಾರ್ಮನ್. ಅವನೂ ಮಾನವ ಹಕ್ಕಿನ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ಜೊತೆಗೆ ನಿಂತಿದ್ದ. ಬಂದವರು ಆ ಜಾಗದಲ್ಲಿ ನಿಂತು ನೋಡಲಿ ಎಂದು ಅದನ್ನು ಖಾಲಿ ಬಿಟ್ಟಿದ್ದಾರೆ. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಸ್ಮಿತ್, ಕಾರ್ಲೋಸ್ ಇಬ್ಬರೂ ಆಸ್ಟ್ರೇಲಿಯಾಕ್ಕೆ ಹೋಗಿ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟರು ಎಂದು ಹೇಳಿದೆ. ಅಮ್ಮ ನಿಧಾನವಾಗಿ ಸೀರೆಯ ನಿರಿಗೆ ಹಿಡಿದು ಆ ಖಾಲಿ ಜಾಗಕ್ಕೆ ಹತ್ತಿ ನಿಂತರು. ಫೋಟೋ ತೆಗೆದೆ. "ಇವರ ಕಾಲಲ್ಲಿ ಬರೀ ಕಾಲುಚೀಲ, ಚಪ್ಪಲಿ ಯಾಕಿಲ್ಲ?" ಎಂದು ಕೇಳಿದರು. ತಮ್ಮ ಜನರ ಬಡತನ ತೋರಿಸಲು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಓಡಿಸಿ, ಈಗ ಹಾರ ಹಾಕೋದಕ್ಕೆ ನಲವತ್ತು ವರ್ಷ ಬೇಕಾಯ್ತಾ?" ಎಂದರು.

ವಿಮರ್ಶಕನಾಗಿ ನನ್ನ ಮುಖ್ಯ ಆಕ್ಷೇಪವೂ ಇದೇ. ಓಕ್ಲೆಂಡಿನಲ್ಲಿ ಬೆಳೆದ ಬಿಲ್ ರಸೆಲ್‌ಗೆ ಈ ಪ್ರಶಸ್ತಿ ಸಿಕ್ಕಿದ್ದು 2019ರಲ್ಲಿ, ಆತನ 85ನೆಯ ವಯಸ್ಸಿನಲ್ಲಿ. ಆಟಗಾರರ ಹಕ್ಕಿಗಾಗಿ 1970ರಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗಿನ ಮೇಲೆ ಮೊಕದ್ದಮೆ ಹೂಡಿದ ಆಸ್ಕರ್ ರಾಬರ್ಟ್‌ಸನ್‌ಗೆ 2025ರಲ್ಲಿ. ಧೈರ್ಯದಿಂದ ಇನ್ನು ಯಾರಿಗೂ ನಷ್ಟವಿಲ್ಲ ಎಂದು ಖಾತ್ರಿಯಾದ ಮೇಲೆ ಧೈರ್ಯಕ್ಕೆ ಸನ್ಮಾನ! ಆದರೂ ಕೊಡದೇ ಇರುವುದಕ್ಕಿಂತ ಕೊಟ್ಟದ್ದು ಮೇಲು, ಅದನ್ನು ಒಪ್ಪುತ್ತೇನೆ.

ತಡ ಮಾಡದೇ ಕೊಟ್ಟ ಒಂದು ಸಂದರ್ಭವೂ ಉಂಟು, 2018ರದು. ಅಂದು ವೇದಿಕೆಯ ಮೇಲೆ 141 ಹೆಣ್ಣುಮಕ್ಕಳು ಕೈ ಕೈ ಹಿಡಿದು ನಿಂತರು. ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರನಾಗಿದ್ದ ಲ್ಯಾರಿ ನ್ಯಾಸರ್ ಎಂಬ ನೀಚ ಚಿಕಿತ್ಸೆಯ ಹೆಸರಿನಲ್ಲಿ ವರ್ಷಗಟ್ಟಲೆ ಮಾಡಿದ ಅತ್ಯಾಚಾರವನ್ನು ಬಾಯಿಬಿಟ್ಟು ಹೇಳಿದವರು ಅವರು. ದೊಡ್ಡವರಿಗೆ ಹೇಳಿದರೂ ಕೇಳದ ಎಷ್ಟೋ ವರ್ಷಗಳು. ಅವನಿಗೆ ಶಿಕ್ಷೆಯಾಗಿ ಇನ್ನೂ ಒಂದು ವರ್ಷವೂ ಕಳೆದಿರಲಿಲ್ಲ. ಆ ಸಂಜೆ ನನಗೆ ತಲೆ ಎತ್ತಿ ಟಿವಿ ನೋಡಲಾಗಲಿಲ್ಲ. ಅವನು ನನ್ನ ವೃತ್ತಿಯವನು, ನಾನು ತೆಗೆದುಕೊಂಡ ಪ್ರತಿಜ್ಞೆಯನ್ನೇ ತೆಗೆದುಕೊಂಡವನು. ನಮ್ಮ ಹೆಣ್ಣುಮಕ್ಕಳನ್ನೂ ನಾವು ವಾರಕ್ಕೆ ನಾಲ್ಕು ದಿನ ಈಜು, ಜಿಮ್ನಾಸ್ಟಿಕ್ಸ್ ಎಂದು ಬಿಟ್ಟು ಬರುತ್ತೇವೆ. ಮಗು ಏನಾದರೂ ಹೇಳಿದರೆ ಮೊದಲು ನಂಬಿ. ಇಡೀ ಲೇಖನದಲ್ಲಿ ಇದೊಂದೇ ಔಷಧಿ ಚೀಟಿ, ಸಂಪಾದಕರು ಕ್ಷಮಿಸಬೇಕು.

ಎರಡು ಭಾಷಣಗಳು

ಈಗ ನಿಜವಾಗಿ ಹೇಳಹೊರಟ ವಿಷಯಕ್ಕೆ ಬರುತ್ತೇನೆ.

1993ರ ಮೊದಲ ಸಮಾರಂಭದಲ್ಲಿ ಧೈರ್ಯ ಪ್ರಶಸ್ತಿ ಪಡೆದವನು ಜಿಮ್ ವಾಲ್ವಾನೊ. 1983ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ತಂಡಕ್ಕೆ ರಾಷ್ಟ್ರೀಯ ಕಾಲೇಜು ಪಟ್ಟ ಗೆಲ್ಲಿಸಿಕೊಟ್ಟ ಬ್ಯಾಸ್ಕೆಟ್‌ಬಾಲ್ ಕೋಚ್. ಪ್ರಶಸ್ತಿ ಪಡೆಯುವಾಗ ಕ್ಯಾನ್ಸರ್ ಮೂಳೆಗಳವರೆಗೂ ಹರಡಿತ್ತು, ಮೆಟ್ಟಿಲು ಹತ್ತಲು ಗೆಳೆಯರು ಹಿಡಿದುಕೊಳ್ಳಬೇಕಾಯಿತು. ಮೈಕಿನ ಮುಂದೆ ನಿಂತ ಕೂಡಲೇ ಮನುಷ್ಯ ಬೇರೆಯೇ ಆದ. ದಿನಕ್ಕೆ ಮೂರು ಕೆಲಸ ಮಾಡಿ, ನಗಿ, ಯೋಚಿಸಿ, ಕಣ್ಣಲ್ಲಿ ನೀರು ಬರುವಷ್ಟು ಯಾವುದಕ್ಕಾದರೂ ಮನಸ್ಸು ಕರಗಲಿ ಎಂದ. ಮಾತಿನ ನಡುವೆ, ಇನ್ನು 30 ಸೆಕೆಂಡು ಮಾತ್ರ ಉಳಿದಿದೆ ಎಂದು ಎದುರಿನ ಪರದೆ ಮಿನುಗತೊಡಗಿತು. ಮೈತುಂಬ ಗೆಡ್ಡೆ ಇರುವ ನನಗೆ ಇವನ ಸೆಕೆಂಡಿನ ಲೆಕ್ಕ ಬೇರೆ ಕೇಡು ಎಂಬರ್ಥದಲ್ಲಿ ಗದರಿ ಸಭೆಯನ್ನೆಲ್ಲ ನಗಿಸಿದ. ಟಿವಿಯ ಗಡಿಯಾರ ಮತ್ತು ಸಾಯುವವನ ಗಡಿಯಾರ ಎದುರುಬದುರಾದ ಕ್ಷಣ ಅದು. ಟಿವಿ ಸೋತಿತು! ಇಡೀ ಎಸ್ಪಿಯ ಇತಿಹಾಸದಲ್ಲಿ ಅದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ. ಕೊನೆಗೆ ಕ್ಯಾನ್ಸರ್ ಸಂಶೋಧನೆಗಾಗಿ ಒಂದು ಪ್ರತಿಷ್ಠಾನ ಸ್ಥಾಪಿಸುವುದಾಗಿ ಹೇಳಿ, ಅದರ ಧ್ಯೇಯವಾಕ್ಯ 'ಬಿಡಬೇಡ, ಎಂದಿಗೂ ಕೈಬಿಡಬೇಡ' ಎಂದು ಘೋಷಿಸಿದ. 55 ದಿನಗಳ ನಂತರ, ಏಪ್ರಿಲ್ 28ರಂದು ತೀರಿಕೊಂಡ. ವಯಸ್ಸು 47. ಆ ಪ್ರತಿಷ್ಠಾನ ಇಂದಿಗೂ ಸಂಶೋಧನೆಗೆ ಕೋಟ್ಯಂತರ ಡಾಲರ್ ಒದಗಿಸುತ್ತಿದೆ.

ನಾನು ಈ ಭಾಷಣವನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ರೆಸಿಡೆನ್ಸಿ ಮಾಡುವಾಗ, ರಾತ್ರಿ ಮೂರು ಗಂಟೆಗೆ, ಆನ್-ಕಾಲ್ ಕೋಣೆಯ ಹಳೆಯ ಟಿವಿಯಲ್ಲಿ. ಕಣ್ಣು ಒದ್ದೆಯಾಯಿತು. 'ಬಿಡಬೇಡ' ಎಂಬ ಮಂತ್ರ ಅಂದೇ ನನ್ನ ಬಾಯಿಗೆ ಹತ್ತಿಕೊಂಡಿತು. ಆಮೇಲೆ ಎಷ್ಟು ರೋಗಿಗಳಿಗೆ, ಎಷ್ಟು ಮನೆಯವರಿಗೆ ಅದನ್ನು ಹೇಳಿದೆನೋ ಲೆಕ್ಕವಿಲ್ಲ. ಹೇಳುವುದಕ್ಕೆ ಖರ್ಚಿಲ್ಲ ನೋಡಿ, ಕೇಳುವವನಿಗೆ ಮಾತ್ರ ಉಂಟು.

ಆ ಖರ್ಚು ಏನೆಂದು ನನಗೆ ತಿಳಿದದ್ದು 2014ರಲ್ಲಿ. ನನ್ನ ಹೆಂಡತಿಯ ತಮ್ಮ ಇಲ್ಲೇ ಫ್ರೀಮಾಂಟಿನಲ್ಲಿದ್ದ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಕಾಲೇಜಿಗೆ ಸ್ಪಿನ್ ಬೌಲರ್, ಇಲ್ಲಿ ವಾರಾಂತ್ಯದ ಲೀಗಿನಲ್ಲೂ ಅದೇ. ನಲವತ್ತೊಂದನೆಯ ವಯಸ್ಸಿಗೆ ಪ್ಯಾಂಕ್ರಿಯಾಸಿನ ಕ್ಯಾನ್ಸರ್. ಎರಡು ಬಗೆಯ ಕಿಮೋ ಮುಗಿದು ಮೂರನೆಯದು ಶುರುವಾಗಿತ್ತು. ಅವನ ತೂಕ ನೋಡಿದರೆ, ರಕ್ತಪರೀಕ್ಷೆಯ ವರದಿ ನೋಡಿದರೆ ನನಗೆ ಎಲ್ಲ ಗೊತ್ತಾಗುತ್ತಿತ್ತು. ಬೇರೆಯವರ ಮನೆಯ ರೋಗಿಯಾಗಿದ್ದರೆ ಹಾಸ್ಪೈಸ್ ಬಗ್ಗೆ, ಎಂದರೆ ಗುಣಪಡಿಸುವ ಪ್ರಯತ್ನ ನಿಲ್ಲಿಸಿ ನೋವು ಕಡಿಮೆ ಮಾಡಿ ಮನೆಯಲ್ಲೇ ನೋಡಿಕೊಳ್ಳುವ ವ್ಯವಸ್ಥೆಯ ಬಗ್ಗೆ, ಆಗಲೇ ಮಾತಾಡಿರುತ್ತಿದ್ದೆ. ನಮ್ಮ ಮನೆಯದಾದ್ದರಿಂದ ಬಾಯಿ ಕಟ್ಟಿತು. ವಾರವಾರ ಹೋಗಿ ಅವನಿಗೆ ಕುಂಬ್ಳೆಯ ಕಥೆ ಹೇಳುತ್ತಿದ್ದೆ. ನಿಮಗೆಲ್ಲ ಗೊತ್ತಿರುವುದೇ. 2002ರ ಮೇ ತಿಂಗಳು, ಆಂಟಿಗ ಟೆಸ್ಟ್. ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿದರೂ, ಅನಿಲ್ ಕುಂಬ್ಳೆ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಮೈದಾನಕ್ಕೆ ಇಳಿದು 14 ಓವರ್ ಬೌಲ್ ಮಾಡಿ ಲಾರಾನನ್ನೇ ಔಟ್ ಮಾಡಿದರು. "ನೋಡು, ನಮ್ಮ ಬೆಂಗಳೂರಿನವರು. ಬಿಟ್ಟುಕೊಟ್ಟರಾ? ನೀನೂ ಬಿಡಬೇಡ ಕಣೋ" ಎನ್ನುತ್ತಿದ್ದೆ. ಅವನು ನಕ್ಕು ತಲೆಯಾಡಿಸುತ್ತಿದ್ದ.

ಜುಲೈ 16ರ ಸಂಜೆ ಅವನ ಮನೆಯಲ್ಲೇ ಕುಳಿತು ಎಸ್ಪಿ ನೋಡುತ್ತಿದ್ದೆವು. ವಾಲ್ವಾನೊ ಹೆಸರಿನ ಪ್ರಶಸ್ತಿಯನ್ನು ಅಂದು ಸ್ಟುವರ್ಟ್ ಸ್ಕಾಟ್‌ಗೆ ಕೊಟ್ಟರು. ಅದೇ ಚಾನೆಲ್ಲಿನ ಹೆಸರಾಂತ ಕ್ರೀಡಾ ವಾರ್ತೆಗಾರ. 2007ರಿಂದ ಕ್ಯಾನ್ಸರ್ ರೋಗಿ, ಹಿಂದಿನ ವಾರವಷ್ಟೇ ಆಪರೇಷನ್ ಮೇಲೆ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದವನು. ಅವನೂ ವಾಲ್ವಾನೊನನ್ನು ನೆನೆದ. ಆದರೆ ಮುಂದುವರಿದು ಹೇಳಿದ: ಸತ್ತರೆ ಕ್ಯಾನ್ಸರಿಗೆ ಸೋತ ಹಾಗಲ್ಲ. ಹೇಗೆ ಬದುಕಿದೆ, ಯಾಕೆ ಬದುಕಿದೆ ಎನ್ನುವುದರಲ್ಲೇ ಗೆಲುವಿದೆ. ಹೋರಾಡಿ ಸುಸ್ತಾದರೆ ಮಲಗಿ ವಿಶ್ರಾಂತಿ ತಗೋ, ನಿನ್ನ ಪರವಾಗಿ ಬೇರೆಯವರು ಹೋರಾಡಲಿ. ಕೊನೆಗೆ ಮಗಳನ್ನು ವೇದಿಕೆಗೆ ಕರೆದು ಅಪ್ಪಿಕೊಂಡ.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಜಾಹೀರಾತು ಶುರುವಾಯಿತು. ಆಗ ಅವನು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ:

"ಭಾವ, ಕುಂಬ್ಳೆ ಆ ಟೆಸ್ಟಿನ ಮಧ್ಯದಲ್ಲೇ ಪ್ಲೇನ್ ಹತ್ತಿ ಬೆಂಗಳೂರಿಗೆ ಹೊರಟ್ರಲ್ಲ, ಆಪರೇಷನ್‌ಗೆ. ಅದನ್ನ ನೀವು ಒಂದು ಸಲಾನೂ ಹೇಳ್ಲಿಲ್ಲ."

ನಾನು ಏನೂ ಹೇಳಲಾರದೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಓವರ್‌ಗಳು ಮುಗಿದಿವೆ ಭಾವ. ಅಕ್ಕನಿಗೆ ನೀವೇ ಹೇಳಬೇಕು, ನನ್ನ ಕೈಲಿ ಆಗಲ್ಲ" ಎಂದ.

ಹೇಳಿದೆ. ಆ ವಾರವೇ ಕಿಮೋ ನಿಲ್ಲಿಸಿದರು. ಹಾಸ್ಪೈಸ್ ನರ್ಸ್ ಮನೆಗೆ ಬರತೊಡಗಿದಳು. ನೋವು ಹತೋಟಿಗೆ ಬಂತು. ಅವನಿಗೆ ಇನ್ನೂ ಆರು ವಾರ ಸಿಕ್ಕಿತು. ಆಸ್ಪತ್ರೆಯಲ್ಲಲ್ಲ, ತನ್ನ ಹಿತ್ತಿಲಿನ ಕರಿಬೇವಿನ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು. ಮಗಳಿಗೆ ಚೆಂಡನ್ನು ಬೆರಳಲ್ಲಿ ಹೇಗೆ ಹಿಡಿದು ತಿರುಗಿಸಬೇಕೆಂದು ಆಗಲೇ ಕಲಿಸಿದ್ದು. ಇನ್ನೆರಡು ತಿಂಗಳು ಮೊದಲೇ ನಾನು ಬಾಯಿ ಬಿಟ್ಟಿದ್ದರೆ ಆರು ವಾರದ ಬದಲು ಹದಿನಾಲ್ಕು ವಾರ ಅವನು ಆ ಕುರ್ಚಿಯಲ್ಲಿ ಕೂರುತ್ತಿದ್ದ. ಇದು ಲೆಕ್ಕ, ಭಾವುಕತೆಯಲ್ಲ. ಸ್ಟುವರ್ಟ್ ಸ್ಕಾಟ್ 2015ರ ಜನವರಿ 4ರಂದು ತೀರಿಕೊಂಡಾಗ ನಾನು ಹತ್ತಿರದ ಬಂಧುವನ್ನು ಕಳೆದುಕೊಂಡವನಂತೆ ಅತ್ತೆ. ನನ್ನಿಂದಾಗದ ಕೆಲಸವನ್ನು ಆತ ಮಾಡಿಕೊಟ್ಟಿದ್ದ.

ಇದರಿಂದ ವಾಲ್ವಾನೊ ಹೇಳಿದ್ದು ತಪ್ಪು ಎಂದು ಅರ್ಥವಲ್ಲ. ಆತ ಹೇಳಿದ್ದು ಕ್ಯಾನ್ಸರ್ ಸಂಶೋಧನೆಯನ್ನು ಕೈಬಿಡಬೇಡಿ ಎಂದು, ನಗುವುದನ್ನು ಬಿಡಬೇಡಿ ಎಂದು. ನಾವು ಅದನ್ನು ಮೂರು ಶಬ್ದಕ್ಕೆ ಇಳಿಸಿ, ಟೀ-ಶರ್ಟಿನ ಮೇಲೆ ಅಚ್ಚು ಹಾಕಿ, ಹಾಸಿಗೆ ಹಿಡಿದವನ ಎದೆಯ ಮೇಲೆ ಇಟ್ಟೆವು. ಈ ದೇಶದಲ್ಲಿ ಯಾರಾದರೂ ಕ್ಯಾನ್ಸರಿನಿಂದ ಸತ್ತರೆ 'ಯುದ್ಧದಲ್ಲಿ ಸೋತರು' ಎಂದು ಪತ್ರಿಕೆಯಲ್ಲಿ ಬರೆಯುತ್ತಾರೆ. ಗೆದ್ದವನು ಧೀರನಾದರೆ ಸತ್ತವನು ಏನು, ಹೇಡಿಯೇ? ನಮ್ಮ ಊರಿನ ಕಡೆ 'ಕಾಲವಾದರು' ಎನ್ನುತ್ತೇವೆ. ಎಷ್ಟು ಒಳ್ಳೆಯ ಮಾತು! ಅದರಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ.

ನಮ್ಮಲ್ಲಿ?

ಇದೆಲ್ಲ ಅಮೆರಿಕದವರ ಕಥೆ, ನಮ್ಮಲ್ಲಿ ಹೇಗೆ ಎಂದು ನೀವು ಕೇಳಬಹುದು. ಭಾರತದಲ್ಲಿ ಅರ್ಜುನ ಪ್ರಶಸ್ತಿ 1961ರಿಂದ ಇದೆ, ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿ 1985ರಿಂದ. ನಮ್ಮ ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವುದು ಏಕಲವ್ಯ ಪ್ರಶಸ್ತಿ. ಹೆಬ್ಬೆರಳು ಕೇಳಿದವನ ಹೆಸರಿನಲ್ಲಿ ದೆಹಲಿಯವರು ಕೊಟ್ಟರೆ, ಹೆಬ್ಬೆರಳು ಕೊಟ್ಟವನ ಹೆಸರಿನಲ್ಲಿ ನಮ್ಮವರು! ಈ ವಿಷಯದಲ್ಲಿ ನಮ್ಮವರದೇ ಸರಿ ಎಂದು ನನಗೆ ಹೆಮ್ಮೆ. ಆದರೆ ಧೈರ್ಯಕ್ಕೇ ಎಂದು ಮೀಸಲಾದ, ಇಡೀ ನಾಡು ಕುಳಿತು ನೋಡುವ ಒಂದು ಸಂಜೆ ನಮ್ಮಲ್ಲಿಲ್ಲ. ಯೋಗ್ಯರಿಗೇನು ಕೊರತೆಯೇ? ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಬಾಲ್ಯದಲ್ಲಿ ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲ್ಲಿಸಿಕೊಟ್ಟರು. ಪೋಲಿಯೋವನ್ನೇ ಮೆಟ್ಟಿ ನಿಂತ ಬೆಂಗಳೂರಿನ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲೇ ಪದಕಗಳ ರಾಶಿ ಗೆದ್ದು, ಅಂಗವಿಕಲ ಮಕ್ಕಳಿಗೆ ಆಸರೆಯಾದರು. ಹಾಸನ ಜಿಲ್ಲೆಯ ರೈತನ ಮಗ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ತಂದರು. ಇವರ ಮಾತನ್ನು ಒಂದು ಹತ್ತು ನಿಮಿಷ, ಪರದೆಯ ಮೇಲೆ ಸೆಕೆಂಡು ಮಿನುಗಿಸದೆ, ನಮ್ಮ ಮಕ್ಕಳಿಗೆ ಯಾರು ಕೇಳಿಸಿದ್ದಾರೆ?

ಒಟ್ಟಿನಲ್ಲಿ ನನ್ನ ತೀರ್ಪು ಇಷ್ಟು: ಎಸ್ಪಿ ಮೂರು ಗಂಟೆಯ ಗದ್ದಲ, ಹತ್ತು ನಿಮಿಷದ ಸತ್ಯ. ಗದ್ದಲ ಇಲ್ಲದಿದ್ದರೆ ಆ ಹತ್ತು ನಿಮಿಷವನ್ನು ಟಿವಿಯವರು ತೋರಿಸುತ್ತಿರಲಿಲ್ಲ ಎಂಬುದೂ ನಿಜವೇ. ಜೊಳ್ಳಿನ ಜೊತೆಗೇ ಕಾಳು ಬರುತ್ತದೆ, ಮೊರ ನಮ್ಮ ಕೈಯಲ್ಲಿರಬೇಕು ಅಷ್ಟೇ. ಮುಂದಿನ ಜುಲೈನಲ್ಲಿ ಮಕ್ಕಳ ಜೊತೆ ಕುಳಿತು ನೋಡಿ. ತಮಾಷೆ ಬಂದಾಗ ಬೇಕಿದ್ದರೆ ಎದ್ದುಹೋಗಿ ಕಾಫಿ ಮಾಡಿಕೊಳ್ಳಿ, ಧೈರ್ಯದ ಪ್ರಶಸ್ತಿ ಬಂದಾಗ ಮಾತ್ರ ಏಳಬೇಡಿ. 'ಬಿಡಬೇಡ' ಎಂಬ ಭಾಷಣ ತೋರಿಸಿದರೆ, 'ಸುಸ್ತಾದರೆ ಮಲಗು' ಎಂಬುದನ್ನೂ ಹುಡುಕಿ ತೋರಿಸಿ. ಎರಡನ್ನೂ ಕೇಳಿದ ಮಗು ಮುಂದೊಂದು ದಿನ ನಮ್ಮ ಹಾಸಿಗೆಯ ಪಕ್ಕ ಕುಳಿತಾಗ ಯಾವುದನ್ನು ಯಾವಾಗ ಹೇಳಬೇಕೆಂದು ತಿಳಿದಿರುತ್ತದೆ.

ಕೂಟದ ಕಾರ್ಯಕಾರಿ ಸಮಿತಿಯವರಿಗೆ ಒಂದು ವಿನಂತಿ. ನಮ್ಮ ಬೇಸಿಗೆ ಪಿಕ್‌ನಿಕ್ಕಿನಲ್ಲಿ ನಿಂಬೆಹಣ್ಣು-ಚಮಚದ ಓಟ, ಗೋಣಿಚೀಲದ ಓಟ, ಹಗ್ಗಜಗ್ಗಾಟಕ್ಕೆಲ್ಲ ಬಹುಮಾನ ಕೊಡುತ್ತೇವೆ. ಅವು ಹಾಗೇ ಇರಲಿ, ಮತ ಹಾಕುವುದು ಮಾತ್ರ ಬೇಡ. ಆದರೆ ಊಟಕ್ಕೆ ಕೂರುವ ಮುಂಚೆ, ಆ ವರ್ಷ ನಮ್ಮ ನಡುವೆ ಕಾಯಿಲೆಯವರನ್ನು ನೋಡಿಕೊಂಡ ಒಬ್ಬರನ್ನು, ಹೆಂಡತಿಯೋ ಗಂಡನೋ ಮಗಳೋ, ಅವರು ಒಪ್ಪಿದರೆ ಮುಂದಕ್ಕೆ ಕರೆದು ಒಂದು ಶಾಲು ಹೊದಿಸೋಣ. ಭಾಷಣ ಬೇಡ, ಫಲಕ ಬೇಡ. ಅವರಿಗೆ ಮಾತಾಡಬೇಕು ಅನಿಸಿದರೆ ಮೈಕು ಕೊಡೋಣ, ಎಷ್ಟು ಹೊತ್ತಾದರೂ ಸರಿ. ಚಿತ್ರಾನ್ನ ಆರಿದರೆ ಆರಲಿ.

ಶಾಲಿನ ಖರ್ಚು ನನ್ನದು.